ಕೋಲಾರದ ಸುತ್ತ 10 ಕಿ.ಮೀ. ಒಳಗೆ ಯಾರೂ ನಿಂತು ನೋಡದ ಜಾಗಗಳು – ಸೈಕಲ್‌ನಲ್ಲಿ ಹುಡುಕೋದು ಹೇಗೆ?

ಪೇಟೆಬೀದಿ:

ಮನೆ ಕೋಲಾರ ಟೌನ್‌ನಲ್ಲೇ. ಭಾನುವಾರ ಬೆಳಗ್ಗೆ 6ರಿಂದ 9ರವರೆಗೆ ಸೈಕಲ್ ತುಳಿಯೋಕೆ ಬಿಡುವಿದೆ. ಅಂತರಗಂಗೆ, ಕೋಲಾರಮ್ಮ, ಸೋಮೇಶ್ವರ, ಮಕ್ಬರಾ ಎಲ್ಲರಿಗೂ ಗೊತ್ತಿರೋವು, ನೋಡಿಯಾಗಿದೆ. ಹೆದ್ದಾರಿ ಹಿಡಿದು ನರಸಾಪುರದ ಕಡೆ ಹೋಗಿ ಬರೋದರಲ್ಲಿ ಆಸಕ್ತಿ ಇಲ್ಲ. ಮನೆಯಿಂದ 8–10 ಕಿ.ಮೀ. ಒಳಗೆ ಬೋರ್ಡೇ ಇಲ್ಲದ ಜಾಗಗಳು ಬೇಕು: ಹಳೇ ಕಲ್ಯಾಣಿ, ಶಾಸನದ ಕಲ್ಲು, ಹುಣಸೆ ತೋಪು, ಕೆರೆ ತೂಬು ಇಂಥವು. ಮ್ಯಾಪ್ ತೆಗೆದರೆ ಡಾಬಾ, ಲೇಔಟು, ಪೆಟ್ರೋಲ್ ಬಂಕು ಬಿಟ್ಟು ಏನೂ ಕಾಣ್ತಿಲ್ಲ.

ಸೈಕಲ್ 26 ಇಂಚಿನ ಎಂ.ಟಿ.ಬಿ., ಟಯರು 1.95, ಹಿಂದೆ ಮುಂದೆ ಮಡ್‌ಗಾರ್ಡ್ ಇದೆ. ತೂಕ 70 ಕೆ.ಜಿ. ಮಣ್ಣುದಾರಿಗೆ ಇಳಿಸಿದರೆ ಪಂಕ್ಚರ್ ಖಂಡಿತ. ಹುಡುಕೋ ಕ್ರಮ, ಟಯರಿನ ವಿಚಾರ ಎರಡನ್ನೂ ತಿಳಿದವರು ಹೇಳಿ.

ತೂಬುಗಲ್ಲು:

ಜಾಗಗಳ ಪಟ್ಟಿ ಬೇಡ ಸರ್, ನೀರಿನ ದಾರಿ ಹಿಡೀರಿ. ನಮ್ಮ ಕಡೆ ವರ್ಷವಿಡೀ ಹರಿಯೋ ಹೊಳೆ ಇಲ್ಲ. ಹಾಗಾಗಿ ಹಿಂದಿನವರು ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಇನ್ನೊಂದು ಕೆರೆ ಸೇರೋ ಹಾಗೆ ಸಾಲು ಸಾಲಾಗಿ ಕಟ್ಟಿದರು. ಊರು, ಗುಡಿ, ತೋಪು, ವೀರಗಲ್ಲು (ಹೋರಾಟದಲ್ಲಿ ಸತ್ತವರ ನೆನಪಿನ ಕಲ್ಲು) ಎಲ್ಲ ಆ ಸಾಲಿನ ಆಸುಪಾಸಿನಲ್ಲೇ ಇವೆ. ಟಾರು ರಸ್ತೆ ಆಮೇಲೆ ಬಂತು, ಇವನ್ನೆಲ್ಲ ಪಕ್ಕಕ್ಕೆ ಬಿಟ್ಟು ನೇರ ಹೋಯ್ತು. ರಸ್ತೆಯಲ್ಲೇ ಹೋದವರ ಕಣ್ಣಿಗೆ ಏನೂ ಬೀಳದೇ ಇರೋದು ಅದಕ್ಕೇ.

ಮೊದಲ ವಾರ ಒಂದೇ ಕೆರೆ ಸಾಕು. ಏರಿಯ (ಕೆರೆಗೆ ಕಟ್ಟಿದ ಮಣ್ಣಿನ ಕಟ್ಟೆಯ) ಒಂದು ತುದಿಯಿಂದ ಹತ್ತಿ ಇನ್ನೊಂದು ತುದಿಯಲ್ಲಿ ಇಳೀರಿ. ನಡುವೆ ಮೂರು ಕಡೆ ನಿಲ್ಲಲೇಬೇಕು. ಒಂದು ಏರಿ ಮೇಲಿನ ಗುಡಿ. ಗುಡಿ ಅಂದರೆ ಕೆಲವು ಕಡೆ ಬೇವಿನ ಮರದ ಬುಡದಲ್ಲಿ ಅರಿಶಿನ ಬಳಿದ ಮೂರು ಕಲ್ಲು, ಅಷ್ಟೇ. ಹಳೇ ವೀರಗಲ್ಲು, ಮಾಸ್ತಿಕಲ್ಲುಗಳನ್ನ (ಸತಿ ಹೋದ ಹೆಂಗಸರ ನೆನಪಿನ ಕಲ್ಲು) ಗದ್ದೆಯಿಂದ ಎತ್ತಿ ತಂದು ಅಲ್ಲಿ ಒರಗಿಸಿಟ್ಟಿರೋದೂ ಉಂಟು.

ಎರಡನೇದು ತೂಬು. ಇದನ್ನ ಹತ್ತಿರದಿಂದ ನೋಡಿ. ನೀರಿನ ಬದಿಗೆ ಎರಡು ಕಲ್ಲುಕಂಬ ನೆಟ್ಟಿರ್ತಾರೆ, ಅಡ್ಡಕ್ಕೆ ಒಂದರ ಕೆಳಗೊಂದು ಚಪ್ಪಡಿ. ಪ್ರತಿ ಚಪ್ಪಡಿಯ ನಡುವೆ ದುಂಡನೆ ತೂತು. ಆ ತೂತುಗಳಲ್ಲಿ ಉದ್ದದ ಕೋಲು ಇಳಿದು, ಕೆಳತುದಿಯ ಬೆಣೆ ನೆಲದಲ್ಲಿರೋ ಕಿಂಡಿಯನ್ನ ಮುಚ್ಚುತ್ತೆ. ಕೋಲು ಮೇಲಕ್ಕೆತ್ತಿದರೆ ನೀರು ಏರಿಯ ಅಡಿಯಿಂದ ಅಚ್ಚುಕಟ್ಟಿನ ಗದ್ದೆಗಳಿಗೆ ಹೋಗುತ್ತೆ. ಮೇಲಿನ ಚಪ್ಪಡಿಯ ಮೇಲೆ ಕೆಲವು ಕಡೆ ಗಜಲಕ್ಷ್ಮಿ ಕೆತ್ತಿರ್ತಾರೆ, ಕಂಬದ ಮೇಲೆ ಅಕ್ಷರವೂ ಇರಬಹುದು. ತೂತಿನ ಅಂಚು ಸವೆದು ನುಣ್ಣಗಾಗಿದ್ದರೆ ಆ ತೂಬು ತುಂಬಾ ಕಾಲ ಬಳಕೆಯಲ್ಲಿತ್ತು ಅಂತ ತಿಳೀಬಹುದು.

ಮೂರನೇದು ಕೋಡಿ, ಅಂದರೆ ಕೆರೆ ತುಂಬಿ ಹೆಚ್ಚಾದ ನೀರು ಹೊರಬೀಳೋ ಜಾಗ. ಅಲ್ಲಿಂದ ಹೊರಡೋ ಕಾಲುವೆಯ ಪಕ್ಕದಲ್ಲೇ ಮುಂದಿನ ಕೆರೆಗೆ ದಾರಿ. ಎರಡನೇ ವಾರ ಅಲ್ಲಿಂದ ಶುರು ಮಾಡಿ.

ಒಂದು ಎಚ್ಚರಿಕೆ. 2018ರಿಂದ ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗಳಿಗೆ ಬರ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ, ಆಮೇಲೆ ಸಾಲಿನಲ್ಲಿ ಉಳಿದವು. ಮೊದಲ ಹಂತದ ಲೆಕ್ಕ 126 ಕೆರೆ. ಇದು ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಬಿಡೋದು, ಅಂತರ್ಜಲ ಏರಲಿ ಅಂತ. ಮುಖ ತೊಳೆಯೋಕೆ, ಬಾಟಲಿ ತುಂಬೋಕೆ ಬಳಸಬೇಡಿ. ಬೇಸಿಗೆಯಲ್ಲೂ ಕೋಡಿ ಹರಿಯೋ ಕಡೆ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತೆ. ನೀರು ನಾಲ್ಕು ಬೆರಳು ಮಾತ್ರ ಇದ್ದರೂ ತುಳಿದುಕೊಂಡು ದಾಟಬೇಡಿ, ಮುಂದಿನ ಚಕ್ರ ಪಕ್ಕಕ್ಕೆ ಜಾರುತ್ತೆ. ಇಳಿದು, ಸೈಕಲ್ಲನ್ನ ನೀರು ಬೀಳೋ ಬದಿಗೆ ಹಿಡಿದು, ನೀವು ಕೆರೆಯ ಬದಿಗೆ ನಡೀರಿ.

ಊರಲ್ಲಿ ಕೇಳೋದಕ್ಕೂ ಒಂದು ಕ್ರಮ ಇದೆ. "ಇಲ್ಲಿ ಹಳೇದೇನಾದ್ರೂ ಇದೆಯಾ" ಅಂದರೆ "ಏನೂ ಇಲ್ಲ ಸಾರ್" ಅಂತಲೇ ಉತ್ತರ. "ಬರೆದಿರೋ ಕಲ್ಲು ಎಲ್ಲಿದೆ", "ತೂಬು ಎತ್ತೋ ನೀರಗಂಟಿ ಯಾರು", "ಜಾತ್ರೇಲಿ ಮೊದಲ ಪೂಜೆ ಯಾವ ಕಲ್ಲಿಗೆ" ಅಂತ ಕೇಳಿ. ವೀರಗಲ್ಲು ಅನ್ನೋ ಪದ ಓದಿದವರದ್ದು, ಊರಲ್ಲಿ ಆ ಕಲ್ಲಿಗೆ ಒಂದು ದೇವರ ಹೆಸರೇ ಇರುತ್ತೆ. ತೆಲುಗು ಆಡೋ ಊರಾದರೆ "ರಾಸಿನ ರಾಯಿ" ಅನ್ನಿ, ಕೂಡಲೇ ತೋರಿಸ್ತಾರೆ. ನೀರಗಂಟಿ ಮನೆತನದವರು ಸಿಕ್ಕರಂತೂ ಒಂದು ಬೆಳಗ್ಗೆ ಪೂರ್ತಿ ಅವರಿಗೇ ಕೊಡಿ. ಯಾವ ಕಾಲುವೆ ಎಲ್ಲಿಗೆ ಹೋಗುತ್ತೆ ಅನ್ನೋದು ಅವರಷ್ಟು ಬೇರೆ ಯಾರಿಗೂ ಗೊತ್ತಿರಲ್ಲ.

ಸರ್ವೆನಂಬರು:

ಮೇಲಿನವರು ಹೇಳಿದ್ದು ನೆಲದ ಮೇಲಿನ ಕೆಲಸ. ಶನಿವಾರ ರಾತ್ರಿ ಮನೆಯಲ್ಲಿ ಕೂತು ಮಾಡೋ ಅರ್ಧ ಗಂಟೆ ಕೆಲಸ ಹೇಳ್ತೀನಿ.

ಮ್ಯಾಪಿನಲ್ಲಿ ಹೆಸರು ಹುಡುಕಬೇಡಿ, ಉಪಗ್ರಹ ಚಿತ್ರದಲ್ಲಿ ಆಕಾರ ಹುಡುಕಿ. ಬಿಲ್ಲಿನ ಹಾಗೆ ಬಾಗಿದ ಗೆರೆ, ಅದರ ಒಂದು ಬದಿ ನೀರು ಇಲ್ಲವೇ ಬೂದುಬಣ್ಣದ ಬಯಲು, ಇನ್ನೊಂದು ಬದಿ ಹಸಿರು ಚೌಕಗಳು: ಅದು ಏರಿ. ಹೊಲಗಳ ನಡುವೆ ಕಡುಹಸಿರು ದುಂಡು ದುಂಡಾಗಿ ಗುಂಪಾಗಿದ್ದರೆ ಹುಣಸೆಯದೋ ಮಾವಿನದೋ ಗುಂಡುತೋಪು. ಸಾಲು ಹಿಡಿದು ಒಂದೇ ಅಂತರದಲ್ಲಿದ್ದರೆ ಖಾಸಗಿ ಮಾವಿನ ತೋಟ, ಅದನ್ನ ಬಿಡಿ. ತೋಪಿನ ಮರಗಳು ಅಡ್ಡಾದಿಡ್ಡಿ ಇರುತ್ತವೆ. ಬರೀ ಬಯಲಲ್ಲಿ ಒಂಟಿ ಮರದ ಪಕ್ಕ ಸಣ್ಣ ಚೌಕ ನೆರಳು ಕಂಡರೆ ಅದು ಗುಡಿಯೋ ಮೆಟ್ಟಿಲುಬಾವಿಯೋ ಆಗಿರಬಹುದು, ಗುರುತು ಹಾಕ್ಕೊಳ್ಳಿ. ಚಿತ್ರ ತೆಗೆದ ತಾರೀಖನ್ನೂ ನೋಡಿ. 2018ಕ್ಕಿಂತ ಹಳೇ ಚಿತ್ರದಲ್ಲಿ ಕೆರೆಯಂಗಳದ ನಡುವೆ ಕಾಣೋ ಬಂಡಿಜಾಡು ಈಗ ನೀರಿನ ಅಡಿಯಲ್ಲಿರಬಹುದು.

ಆಮೇಲೆ ಕಂದಾಯ ಇಲಾಖೆಯ ಗ್ರಾಮ ನಕಾಶೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದರೆ ಪಿ.ಡಿ.ಎಫ್. ಇಳಿಸ್ಕೋಬಹುದು. ಕೋಲಾರ ತಾಲ್ಲೂಕಾದರೆ ಕಸಬಾ ಹೋಬಳಿಯಿಂದ ಶುರು ಮಾಡಿ, ನಂತರ ವಕ್ಕಲೇರಿ, ಹುತ್ತೂರು. ಜೋಡಿ ಚುಕ್ಕೆಗೆರೆ ಬಂಡಿದಾರಿ, ಒಂಟಿ ಚುಕ್ಕೆಗೆರೆ ಕಾಲುದಾರಿ. ಸೈಕಲ್‌ಗೆ ಬೇಕಾದ್ದು ಇವೇ ಎರಡು, ಬೇರೆ ಯಾವ ಮ್ಯಾಪಿನಲ್ಲೂ ಇವು ಪೂರ್ತಿ ಇಲ್ಲ. ಹಳೇ ನಕಾಶೆಗಳು 8 ಇಂಚಿಗೆ 1 ಮೈಲಿ ಅಳತೆಯವು, ಅಂದರೆ 1 ಸೆಂ.ಮೀ.ಗೆ ಸುಮಾರು 79 ಮೀಟರ್. ಪ್ರಿಂಟ್ ತೆಗೆದಾಗ ಅಳತೆ ಕುಗ್ಗುತ್ತೆ, ಹಾಗಾಗಿ ಸ್ಕೇಲ್ ಇಟ್ಟು ಅಳೀಬೇಡಿ. ಕೆರೆ ಏರಿಯ ಎರಡು ತುದಿಯನ್ನ ಉಪಗ್ರಹ ಚಿತ್ರದ ಜೊತೆ ಹೋಲಿಸಿ ಲೆಕ್ಕ ಹಾಕಿ.

ಮೂರನೇದು ದಿಶಾಂಕ್ ಆ್ಯಪ್. ನಿಂತ ಜಾಗದ ಸರ್ವೆ ನಂಬರು, ಖರಾಬು (ಸಾಗುವಳಿಗೆ ಸೇರದ ಜಮೀನು) ವಿವರ ತೋರಿಸುತ್ತೆ. 'ಬ' ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ನಕಾಶೆಯಲ್ಲಿ ದಾರಿ ಇದೆ, ನೆಲದ ಮೇಲೆ ಬೇಲಿ ಹಾಕಿದ್ದಾರೆ ಅನ್ನೋದು ಪದೇ ಪದೇ ಎದುರಾಗುತ್ತೆ. ಅಲ್ಲಿ ನಕಾಶೆ ತೋರಿಸಿ ವಾದ ಮಾಡೋಕೆ ಹೋಗಬೇಡಿ, ಸುತ್ತಿಕೊಂಡು ಹೋಗಿ. ನಾಳೆ ಅದೇ ಊರಲ್ಲಿ ಕಲ್ಲು ತೋರಿಸಿ ಅಂತ ಕೇಳಬೇಕಾದವರು ನೀವೇ.

ಇದರಲ್ಲಿ ನಿಜವಾದ ನಿಧಿ ಅಂದರೆ ಬೇಚರಾಕ್ ಗ್ರಾಮಗಳು. ಕಂದಾಯ ದಾಖಲೆಯಲ್ಲಿ ಊರಿನ ಹೆಸರಿರುತ್ತೆ, ಎಲ್ಲೆ ಇರುತ್ತೆ, ಜನ ಇರಲ್ಲ. ಬರ, ರೋಗ, ದಾಳಿ, ಏನೋ ಒಂದು ಕಾರಣಕ್ಕೆ ಬಿಟ್ಟು ಹೋದ ಊರುಗಳು. ಗ್ರಾಮ ಪಟ್ಟಿಯಲ್ಲಿರೋ ಹೆಸರಿಗೆ ಉಪಗ್ರಹ ಚಿತ್ರದಲ್ಲಿ ಒಂದು ಮನೆಯೂ ಕಾಣದಿದ್ದರೆ ಆ ಎಲ್ಲೆಯೊಳಗೆ ಮರದ ಗುಂಪು ಹುಡುಕಿ. ಹಾಳುಬಿದ್ದ ಗುಡಿ, ಬಾವಿ, ಒರಳುಕಲ್ಲು, ಪಾಯದ ಸಾಲು ಸಿಗೋ ಸಾಧ್ಯತೆ ಅಲ್ಲೇ ಹೆಚ್ಚು. ಪಕ್ಕದ ಊರಿನವರು ಅದನ್ನ "ಹಾಳೂರು" ಅಂತಲೋ "ಪಾತೂರು" ಅಂತಲೋ ಕರೀತಾರೆ.

ಸಮಯದ ಲೆಕ್ಕ: ಟಾರಿನಲ್ಲಿ ಗಂಟೆಗೆ 14 ಕಿ.ಮೀ., ಬಂಡಿದಾರಿಯಲ್ಲಿ 8, ತಳ್ಳಿಕೊಂಡು ಹೋಗೋ ಕಡೆ 4 ಅಂತ ಹಿಡೀರಿ. ನಿಮ್ಮ ಮೂರು ಗಂಟೆಯಲ್ಲಿ ಒಂದು ಗಂಟೆ ನಿಂತು ನೋಡೋಕೇ ಬೇಕು. ಹೋಗಿ ಬರೋದು ಸೇರಿ 16–18 ಕಿ.ಮೀ. ದಾಟಬೇಡಿ.

ನೆಗ್ಗಿಲುಮುಳ್ಳು:

ಪಂಕ್ಚರ್ ವಿಚಾರಕ್ಕೆ ಬರ್ತೀನಿ. ಮೊದಲು ಯಾವ ಪಂಕ್ಚರ್ ಅಂತ ತಿಳ್ಕೊಳ್ಳಿ. ಟ್ಯೂಬಿನ ಮೇಲ್ಭಾಗದಲ್ಲಿ ಒಂದೇ ಸಣ್ಣ ತೂತಿದ್ದರೆ ಮುಳ್ಳು. ಅಕ್ಕಪಕ್ಕ ಎರಡು ಸೀಳು, ಹಾವು ಕಚ್ಚಿದ ಹಾಗಿದ್ದರೆ ಗಾಳಿ ಕಮ್ಮಿಯಾಗಿ, ಕಲ್ಲಿಗೆ ಹೊಡೆದು ಟ್ಯೂಬು ರಿಮ್ಮಿಗೆ ಸಿಕ್ಕಿಕೊಂಡಿದೆ. ಒಳಗಡೆ, ರಿಮ್ಮಿನ ಬದಿಗೆ ತೂತಿದ್ದರೆ ಚಕ್ರದ ಕಡ್ಡಿಯ (ಸ್ಪೋಕ್) ತುದಿ ಚುಚ್ಚಿದೆ, ರಿಮ್ ಟೇಪು ಸರಿದಿದೆ. ಮೂರಕ್ಕೂ ಮದ್ದು ಬೇರೆ.

ಕೆರೆ ಕಡೆ ಹೋಗೋರಿಗೆ ದೊಡ್ಡ ಶತ್ರು ಬಳ್ಳಾರಿ ಜಾಲಿ. ಸೌದೆಗೆ ಕಡಿದು ಏರಿ ಮೇಲೆ ಎಳಕೊಂಡು ಹೋದ ಜಾಡಿನಲ್ಲಿ ಮುಳ್ಳು ಉದುರಿರುತ್ತೆ. ಬೆರಳುದ್ದ ಬೆಳೆಯೋ ಮುಳ್ಳು, ಯಾವ ಟಯರೂ ತಡೆಯಲ್ಲ. ಕೊಂಬೆ ಎಳೆದ ಗೀರು ಮಣ್ಣಿನ ಮೇಲೆ ಕಂಡ ತಕ್ಷಣ ಇಳಿದು ಸೈಕಲ್ ಎತ್ತಿಕೊಂಡು ದಾಟಿ. ನೆಗ್ಗಿಲು ಚಿಕ್ಕದು, ಒಣ ಹೊಲದ ಬದುವಿನಲ್ಲಿರುತ್ತೆ, ಒಂದೇ ಸಲ ಹತ್ತು ಕಡೆ ಚುಚ್ಚುತ್ತೆ.

ಮುಳ್ಳು ನೆಟ್ಟಿದೆ, ಆದರೆ ಗಾಳಿ ಇಳಿದಿಲ್ಲ ಅಂದರೆ ಕೀಳಬೇಡಿ. ಮುಳ್ಳೇ ತೂತನ್ನ ಮುಚ್ಚಿಕೊಂಡಿರುತ್ತೆ. ನೆರಳು ಸಿಗೋವರೆಗೆ ನಿಧಾನಕ್ಕೆ ಹೋಗಿ ಅಲ್ಲಿ ಬಿಚ್ಚಿ.

ನಿಮ್ಮ ತೂಕಕ್ಕೆ 1.95 ಟಯರಿನಲ್ಲಿ ಮಣ್ಣುದಾರಿಗೆ ಹಿಂದೆ 35 ಪಿ.ಎಸ್.ಐ., ಮುಂದೆ 30 ಸಾಕು. ಪೂರ್ತಿ ಟಾರಾದರೆ 45. ಟಯರಿನ ಪಕ್ಕದಲ್ಲಿ ಬರೆದಿರೋ ಗರಿಷ್ಠ ಅಂಕಿಯನ್ನ ಮೀರಬೇಡಿ. 25ಕ್ಕಿಂತ ಇಳಿದರೆ ಆ ಹಾವುಕಡಿತ ಖಂಡಿತ.

ಟಯರಿಗೂ ಟ್ಯೂಬಿಗೂ ನಡುವೆ ಹಳೇ ಟ್ಯೂಬನ್ನ ಉದ್ದಕ್ಕೆ ಸೀಳಿ, ವಾಲ್ವ್ ಭಾಗ ಕತ್ತರಿಸಿ ತೆಗೆದು ಹಾಸಿ. ನೆಗ್ಗಿಲಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಕತ್ತರಿಸಿದ ಅಂಚನ್ನ ಉಜ್ಜುಕಾಗದದಲ್ಲಿ ತೆಳ್ಳಗೆ ಮಾಡಲೇಬೇಕು, ಇಲ್ಲದಿದ್ದರೆ ಆ ಅಂಚೇ ತಿಂಗಳೊಪ್ಪತ್ತಿನಲ್ಲಿ ಒಳಗಿನ ಟ್ಯೂಬನ್ನ ತಿಕ್ಕಿ ತೂತು ಮಾಡುತ್ತೆ.

ದಾರಿಯಲ್ಲಿ ಪಂಕ್ಚರ್ ಆದರೆ ಮೊದಲು ಹೊಸ ಟ್ಯೂಬು ಹಾಕಿ, ಪ್ಯಾಚು ಮನೆಗೆ ಬಂದ ಮೇಲೆ. ಆದರೆ ಹೊಸ ಟ್ಯೂಬು ಹಾಕೋ ಮೊದಲು ಟಯರಿನ ಒಳಮೈಯನ್ನ ಪೂರ್ತಿ ತಡವಬೇಕು. ಜಾಲಿ ಮುಳ್ಳಿನ ತುದಿ ಮುರಿದು ರಬ್ಬರಿನೊಳಗೇ ಉಳಿಯುತ್ತೆ, ಹೊರಗಿಂದ ಕಾಣಲ್ಲ. ಬರಿಗೈಯಲ್ಲಿ ತಡವಿದರೆ ಬೆರಳಿಗೆ ಚುಚ್ಚುತ್ತೆ, ಹತ್ತಿ ಬಟ್ಟೆ ಆಡಿಸಿ, ದಾರ ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿ ಮುಳ್ಳಿದೆ. ನಿಮಗೆ ಮಣ್ಣುದಾರಿಯಲ್ಲಿ ಮತ್ತೆ ಮತ್ತೆ ಆಗ್ತಿರೋದಕ್ಕೆ ಇದೇ ಕಾರಣ ಇರಬಹುದು. ಹಳೇ ತೂತು, ಹೊಸ ತೂತು ಎರಡೂ ವಾಲ್ವಿನಿಂದ ಒಂದೇ ದೂರದಲ್ಲಿವೆಯಾ ನೋಡಿ.

ಪ್ಯಾಚ್ ನಿಲ್ಲದೇ ಇರೋದಕ್ಕೆ ಬಹುತೇಕ ಅವಸರವೇ ಕಾರಣ. ಉಜ್ಜಿ ಹೊಳಪು ತೆಗೀರಿ, ಸಲ್ಯೂಷನ್ ತೆಳ್ಳಗೆ ಹಚ್ಚಿ, 5 ನಿಮಿಷ ಬಿಡಿ. ಒದ್ದೆ ಹೊಳಪು ಹೋಗಿ ಮಂಕಾದ ಮೇಲೆ ಪ್ಯಾಚ್ ಒತ್ತಿ. ಒಮ್ಮೆ ಮುಚ್ಚಳ ತೆಗೆದ ಸಲ್ಯೂಷನ್ ಟ್ಯೂಬು ಕೆಲವು ತಿಂಗಳಲ್ಲಿ ಒಳಗೇ ಒಣಗುತ್ತೆ, ಹೊರಡೋ ಮೊದಲು ಹಿಸುಕಿ ನೋಡಿ.

ಚೀಲದಲ್ಲಿ: ಟ್ಯೂಬು 1, ಪ್ಯಾಚು 6, ಟಯರ್ ಲಿವರ್ 2, ಕೈಪಂಪು, ಅಲೆನ್ ಕೀ, ಚಕ್ರಕ್ಕೆ ನಟ್ ಇದ್ದರೆ 15 ಮಿ.ಮೀ. ಸ್ಪ್ಯಾನರ್. ನಿಮ್ಮದು ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಆದರೆ ಹಿತ್ತಾಳೆ ಅಡಾಪ್ಟರ್ ಒಂದು ಇರಲೇಬೇಕು. ಅದಿಲ್ಲದೆ ಊರಿನ ಪಂಕ್ಚರ್ ಅಂಗಡಿಯ ಪಂಪು ಕೂರಲ್ಲ.

ಮಡ್‌ಗಾರ್ಡ್ ಬಗ್ಗೆ: ಮಳೆಗಾಲದಲ್ಲಿ ಬಿಚ್ಚಿಡಿ. ಕೆರೆ ಗೋಡು (ಹೂಳುಮಣ್ಣು) ಟಯರಿಗೆ ಮೆತ್ತಿ ಮಡ್‌ಗಾರ್ಡಿನೊಳಗೆ ತುಂಬಿದರೆ ಚಕ್ರವೇ ತಿರುಗಲ್ಲ. ಮಳೆ ನಿಂತು ಎರಡು ದಿನ ಬಿಸಿಲು ಬೀಳೋವರೆಗೆ ಕೆರೆಯಂಗಳಕ್ಕೆ ಇಳೀಬೇಡಿ, ಏರಿ ಮೇಲೇ ಇರಿ.

ಪೇಟೆಬೀದಿ:

ಎಲ್ಲರಿಗೂ ಧನ್ಯವಾದ. ವಾಲ್ವಿನಿಂದ ಅಳೆದು ನೋಡಿದೆ, ಎರಡು ತೂತೂ ಒಂದೇ ದೂರದಲ್ಲಿವೆ. ಬಟ್ಟೆ ಆಡಿಸಿದಾಗ ಅಕ್ಕಿಕಾಳಿನ ಅರ್ಧದಷ್ಟು ಮುಳ್ಳಿನ ತುದಿ ಸಿಕ್ಕಿತು.

ಇನ್ನೆರಡು ಪ್ರಶ್ನೆ. ಅಕ್ಷರ ಇರೋ ಕಲ್ಲು ಸಿಕ್ಕರೆ ಏನು ಮಾಡಬೇಕು, ಏನು ಮಾಡಬಾರದು? ಅದನ್ನ ಈಗಾಗಲೇ ಯಾರಾದರೂ ಓದಿದ್ದಾರಾ ಅಂತ ತಿಳಿಯೋದು ಹೇಗೆ? ಮತ್ತೆ, ಒಬ್ಬನೇ ಹೋಗುವಾಗ ಅಪಾಯ ಏನೇನು?

ಓಲೆಗರಿ:

ಕಲ್ಲಿನ ವಿಚಾರ. ಮೊದಲು ಮಾಡಬಾರದ್ದು: ಸೀಮೆಸುಣ್ಣ, ಹಿಟ್ಟು, ಎಣ್ಣೆ, ನಿಂಬೆಹಣ್ಣು, ತಂತಿಬ್ರಷ್ ಯಾವುದೂ ತಾಕಬಾರದು. ಒಣ ಮೆತ್ತನೆ ಬ್ರಷ್ಷಲ್ಲಿ ಧೂಳು ಒರೆಸಬಹುದು, ಅಷ್ಟೇ. ಸುಣ್ಣ ಬಳಿದಿದ್ದರೂ ಕೆರೆಯೋಕೆ ಹೋಗಬೇಡಿ, ಅಕ್ಷರದ ಅಂಚು ಜೊತೆಗೇ ಏಳುತ್ತೆ. ಪೂಜೆ ನಡೆಯೋ ಕಲ್ಲಾದರೆ ಊರಿನವರನ್ನ ಕೇಳದೆ ಮುಟ್ಟಲೇಬಾರದು.

ಓದೋಕೆ ಬೇಕಾಗಿರೋದು ಬೆಳಕಿನ ಕೋನ. ನಡುಮಧ್ಯಾಹ್ನ ಬರೀ ಒರಟು ಕಲ್ಲಾಗಿ ಕಾಣೋದು, ಬೆಳಗ್ಗೆ ಏಳು ಗಂಟೆಯ ಓರೆ ಬಿಸಿಲಲ್ಲಿ ಸಾಲು ಸಾಲಾಗಿ ಅಕ್ಷರವಾಗುತ್ತೆ. ಬಿಸಿಲು ನೇರ ಬೀಳ್ತಿದ್ದರೆ ಟವೆಲ್ಲಿಂದ ನೆರಳು ಮಾಡಿ, ಮೊಬೈಲ್ ಟಾರ್ಚನ್ನ ಕಲ್ಲಿಗೆ ಒತ್ತಿದ ಹಾಗೆ ಪಕ್ಕದಿಂದ ಹಿಡೀರಿ. ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು, ಮೇಲಿಂದ ಒಂದು ಫೋಟೋ. ಒಂದು ಬದಿಯಲ್ಲಿ ಮರೆಯಾದ ಗೆರೆ ಇನ್ನೊಂದರಲ್ಲಿ ಕಾಣುತ್ತೆ. ಅಳತೆಗೆ ಪಕ್ಕದಲ್ಲಿ ಸ್ಕೇಲ್ ಇಡಿ. ಹಿಂಬದಿ, ಪಕ್ಕದ ಮೈಗಳನ್ನೂ ತೆಗೀರಿ, ಬರಹ ಅಲ್ಲಿಗೂ ಮುಂದುವರಿದಿರುತ್ತೆ.

ಲಿಪಿ ಯಾವುದಾದರೂ ಆಗಿರಬಹುದು. ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರ, ಎಲ್ಲರೂ ಆಳಿದ ನೆಲ ಇದು. ಕೋಲಾರಮ್ಮನ ಗುಡಿಯಲ್ಲೇ ಚೋಳರ ತಮಿಳು ಶಾಸನಗಳಿವೆ. ಕನ್ನಡ ಅಲ್ಲ ಅಂತ ಬಿಟ್ಟು ಬರಬೇಡಿ. ವಕ್ಕಲೇರಿಯಲ್ಲಿ ಸಿಕ್ಕ ತಾಮ್ರಪಟ ಬಾದಾಮಿ ಚಾಲುಕ್ಯ ಎರಡನೇ ಕೀರ್ತಿವರ್ಮನದು, ಕ್ರಿ.ಶ. 757ರದ್ದು. ನಿಮ್ಮ ತಾಲ್ಲೂಕಿನ ಒಂದು ಊರಿಗೆ ಅಷ್ಟು ಹಳೇ ದಾಖಲೆ ಇದೆ.

ಈಗಾಗಲೇ ಓದಿದ್ದಾರಾ ಅಂತ ನೋಡೋಕೆ ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನಗಳ ಸಂಗ್ರಹದ 10ನೇ ಸಂಪುಟ ತೆಗೀರಿ. ಅದು ಪೂರ್ತಿ ಕೋಲಾರ ಜಿಲ್ಲೆಯದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ, ಹಾಗಾಗಿ ಆ ಕಡೆ ತಾಲ್ಲೂಕುಗಳೂ ಇದರಲ್ಲೇ ಇವೆ. ತಾಲ್ಲೂಕುವಾರು ಸಂಖ್ಯೆ, ಊರಿನ ಹೆಸರು, ಕಲ್ಲು ಊರಿನ ಯಾವ ಕಡೆ ಇತ್ತು ಅನ್ನೋದು ಕೊಟ್ಟಿರ್ತಾರೆ. ಇದನ್ನ ತಿರುಗುಮುರುಗಾಗಿಯೂ ಬಳಸಬಹುದು: ನಿಮ್ಮ 10 ಕಿ.ಮೀ. ಒಳಗಿನ ಊರುಗಳ ಹೆಸರು ಅದರಲ್ಲಿ ಹುಡುಕಿ, ಆ ಕಲ್ಲು ಇನ್ನೂ ಅಲ್ಲೇ ಇದೆಯಾ ಅಂತ ಹೋಗಿ ನೋಡಿ. ನೂರಿಪ್ಪತ್ತು ವರ್ಷದ ಹಿಂದೆ "ಊರ ಬಾಗಿಲ ಬಳಿ" ಇದ್ದದ್ದು ಈಗ ಚರಂಡಿ ಚಪ್ಪಡಿ ಆಗಿರಬಹುದು, ಬಟ್ಟೆ ಒಗೆಯೋ ಕಲ್ಲಾಗಿರಬಹುದು. ಅಂಥದ್ದು ಕಂಡರೆ ಪಂಚಾಯಿತಿ ಪಿ.ಡಿ.ಒ.ಗೆ ಫೋಟೋ ಸಮೇತ ಅರ್ಜಿ ಕೊಡಿ, ಪುರಾತತ್ವ ಇಲಾಖೆಗೂ ಒಂದು ಪ್ರತಿ ಕಳಿಸಿ. ಎತ್ತಿ ಗುಡಿ ಪಕ್ಕ ನಿಲ್ಲಿಸೋಕೆ ನಾಲ್ಕು ಜನ, ಅರ್ಧ ದಿನ ಸಾಕು. ಹೇಳೋರು ಇಲ್ಲ ಅನ್ನೋದೇ ಕೊರತೆ.

ಸರ್ವೆನಂಬರು:

ಓಲೆಗರಿ ಅವರ ಮಾತಿಗೆ ಒಂದು ಸೇರಿಸಲೇಬೇಕು. ಕಲ್ಲಿನ ಲೊಕೇಶನ್ನನ್ನ ಎಲ್ಲರಿಗೂ ಕಾಣೋ ಹಾಗೆ ಹಾಕಬೇಡಿ. ವೀರಗಲ್ಲಿನ ಬುಡದಲ್ಲಿ, ಹಾಳು ಗುಡಿಯ ಗರ್ಭದಲ್ಲಿ ನಿಧಿ ಇದೆ ಅಂತ ರಾತ್ರೋರಾತ್ರಿ ಅಗೆಯೋ ಕಳ್ಳರಿದ್ದಾರೆ. ಊರಿನ ನಡುವೆ ಇರೋದಾದರೆ ಪರವಾಗಿಲ್ಲ, ಬೇಚರಾಕ್ ಗ್ರಾಮದ್ದು ಯಾರಿಗೂ ಬೇಡ. ಫೋಟೋದಲ್ಲಿ ಜಿ.ಪಿ.ಎಸ್. ಮಾಹಿತಿ ಸೇರಿಕೊಂಡಿರುತ್ತೆ, ಹಂಚೋ ಮೊದಲು ಅದನ್ನ ತೆಗೀರಿ.

ತೂಬುಗಲ್ಲು:

ಅಪಾಯದ ಪ್ರಶ್ನೆಗೆ. ಹಾವು, ನಾಯಿ ಎಲ್ಲರಿಗೂ ಗೊತ್ತು. ನಾಯಿ ಬಂದರೆ ಇಳಿದು ಸೈಕಲ್ಲನ್ನ ನಡುವೆ ಹಿಡಿದು ನಡೆದರೆ ಬಹುತೇಕ ಸುಮ್ಮನಾಗುತ್ತೆ. ನಮ್ಮ ಕಡೆಯ ನಿಜವಾದ ಅಪಾಯ ಎರಡು.

ಒಂದು, ಕಟ್ಟೆ ಇಲ್ಲದ ತೆರೆದ ಬಾವಿ. ಅಂತರ್ಜಲ ಇಳಿದ ಮೇಲೆ ಬಿಟ್ಟ ಬಾವಿಗಳು ನೆಲಮಟ್ಟದಲ್ಲೇ ಇವೆ, ಬಾಯಿ ತುಂಬ ಹುಲ್ಲು ಬೆಳೆದಿರುತ್ತೆ. ಹೊಲದ ಜಾಡು ಏಕಾಏಕಿ ಒಂದು ಕಡೆಗೆ ಅರ್ಧಚಂದ್ರದ ಹಾಗೆ ತಿರುಗಿದರೆ, ಅದು ಏನನ್ನ ಸುತ್ತಿಕೊಂಡು ಹೋಗ್ತಿದೆ ಅಂತ ನಿಂತು ನೋಡಿ. ನೇರ ನುಗ್ಗಬೇಡಿ. ಮಬ್ಬು ಬೆಳಕಲ್ಲಿ ಹೊಲದ ಜಾಡು ಬೇಡವೇ ಬೇಡ.

ಎರಡು, ಕೃಷಿ ಹೊಂಡ. ಟೊಮೆಟೊ ತೋಟಗಳ ಪಕ್ಕ ಕಪ್ಪು ಪ್ಲಾಸ್ಟಿಕ್ ಹಾಸಿದ ಹೊಂಡ ಈಗ ಎಲ್ಲ ಕಡೆ. ಒದ್ದೆ ಪ್ಲಾಸ್ಟಿಕ್ ಮೇಲೆ ಹಿಡಿತವೇ ಸಿಗಲ್ಲ, ಈಜು ಬಂದವರೂ ಹತ್ತೋಕಾಗಲ್ಲ. ಕೈ ತೊಳೆಯೋಕೆ ಅಂತಲೂ ಅಂಚಿಗೆ ಹೋಗಬೇಡಿ. ಬೇರೆಯವರು ಬಿದ್ದದ್ದು ಕಂಡರೆ ಇಳೀಬೇಡಿ, ಹಗ್ಗವೋ ಡ್ರಿಪ್ ಪೈಪೋ ಎಸೀರಿ.

ನೀರು ಮನೆಯಿಂದಲೇ 2 ಲೀಟರ್. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಸಾಲದಿದ್ದರೆ ಊರಿನ ಶುದ್ಧ ನೀರಿನ ಘಟಕದಲ್ಲಿ ತುಂಬಿಸ್ಕೊಳ್ಳಿ, ಚಿಲ್ಲರೆ ನಾಣ್ಯ ಜೇಬಲ್ಲಿರಲಿ. ಅಂತರಗಂಗೆ ಬುಡದಲ್ಲಿ ಸೈಕಲ್ ನಿಲ್ಲಿಸೋದಾದರೆ ಹ್ಯಾಂಡಲ್ಲಿಗೆ ಚೀಲ ಸಿಕ್ಕಿಸಬೇಡಿ, ಕೋತಿಗಳು ಜಿಪ್ ಸಮೇತ ಕಿತ್ತುಕೊಂಡು ಹೋಗ್ತವೆ.

ನೆಗ್ಗಿಲುಮುಳ್ಳು:

ಸುಗ್ಗಿ ಕಾಲಕ್ಕೆ ಒಂದು ಮಾತು ಬಿಟ್ಟುಹೋಗಿತ್ತು. ಡಿಸೆಂಬರ್, ಜನವರಿಯಲ್ಲಿ ಊರ ಮುಂದಿನ ರಸ್ತೆಯಲ್ಲೇ ರಾಗಿ ತೆನೆ, ಹುರುಳಿ ಹರಡಿರ್ತಾರೆ. ರಾಗಿ ಮೇಲೆ ಟಯರು ಜಾರುತ್ತೆ. ಹುರುಳಿ ಇನ್ನೂ ಕೆಟ್ಟದ್ದು: ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡು, ತುಳಿತಾ ಹೋದರೆ ಡಿರೇಲರನ್ನ (ಚೈನನ್ನ ಗೇರಿಂದ ಗೇರಿಗೆ ಸರಿಸೋ ಭಾಗ) ಕಡ್ಡಿಯೊಳಗೆ ಎಳೆಯುತ್ತೆ, ಅದನ್ನ ಹಿಡಿದಿರೋ ಹ್ಯಾಂಗರ್ ಮುರಿಯುತ್ತೆ. ಅಂಚಿನಲ್ಲಿ ಇಳಿದು ಸೈಕಲ್ ಎತ್ತಿಕೊಂಡು ದಾಟಿ, ಒಂದು ವರ್ಷದ ಬೆಳೆ ಅದು. ಪೆಡಲು ದಿಢೀರನೆ ಬಿಗಿಯಾದರೆ ಬಲ ಹಾಕಬೇಡಿ. ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ, ಸೈಕಲ್ ಮಲಗಿಸಿ, ಬಳ್ಳಿಯನ್ನ ಚಾಕುವಿನಲ್ಲಿ ತುಂಡು ತುಂಡಾಗಿ ಕುಯ್ದು ತೆಗೀರಿ. ಎಳೆದರೆ ಬರಲ್ಲ.

ಪೇಟೆಬೀದಿ:

ಕಸಬಾ ಹೋಬಳಿಯ ನಕಾಶೆ ಇಳಿಸಿಕೊಂಡೆ. ಈ ಭಾನುವಾರ ಕೋಲಾರಮ್ಮನ ಕೆರೆ ಏರಿ ಒಂದು ತುದಿಯಿಂದ ಇನ್ನೊಂದು ತುದಿವರೆಗೆ, ತೂಬು ಸಿಕ್ಕರೆ ಅಳತೆ ಸಮೇತ ಫೋಟೋ ಇಲ್ಲೇ ಹಾಕ್ತೀನಿ.